ಸದ್ದಡಗಿದ ಐದು ದಿನ

ಬಂದರಿನ ರೇಡಿಯೋ ಕೋಣೆಯಲ್ಲಿ ಹದಿನೇಳು ವರ್ಷ ಕೂತವಳು ಅವಳು. ದೋಣಿಯವರ ಬಾಯಲ್ಲಿ ಕಿವಿಯಕ್ಕ. ಕಡಲಿನಿಂದ ಬಂದ ಮಾತು ಅರ್ಧ ನುಂಗಿಹೋಗಿದ್ದರೂ ಇದು ಇಂಥವನ ದನಿ ಎಂದುಬಿಡುತ್ತಿದ್ದಳು. ಪಕ್ಕದ ಮನೆಯ ಫ್ಯಾನಿನ ಬೇರಿಂಗ್ ಸವೆದದ್ದು ಆ ಮನೆಯವರಿಗಿಂತ ಮೊದಲು ಇವಳಿಗೇ ಗೊತ್ತಾಗಿತ್ತು. ಹೋಗಿ ಹೇಳಿ, ಬೈಸಿಕೊಂಡೂ ಬಂದಿದ್ದಳು. ಇಂಥ ಕಿವಿ ಇದ್ದವರಿಗೆ ನೆಮ್ಮದಿ ಎಲ್ಲಿಂದ ಬರಬೇಕು?

ಬಂದರಿನ ಬೆನ್ನಿಗೇ ಒಂದು ಹಾಡಿನ ಸ್ಟೇಷನ್ನಿನ ಕಂಬ ಎದ್ದಿತು. ಅಂದಿನಿಂದ ಇವಳ ರೇಡಿಯೋದೊಳಗೆ ಹಾಡು ನುಗ್ಗತೊಡಗಿತು. ಗಾಳಿ ಜೋರಾಗಿದೆ ಎಂದು ದೋಣಿಯವನು ಕೂಗುತ್ತಿದ್ದರೆ ಹಿಂದೆ ಯಾರೋ ಪ್ರೇಮಗೀತೆ ಎಳೆಯುತ್ತಿದ್ದರು. ಆ ಸ್ಟೇಷನ್ನನ್ನಷ್ಟೇ ತಡೆಯುವ ಫಿಲ್ಟರ್ ಬರಲು ತಿಂಗಳಾಗುತ್ತದೆ ಎಂದ ರೇಡಿಯೋ ಮೇಸ್ತ್ರಿ, ಅಲ್ಲಿಯವರೆಗೆ ಇರಲಿ ಎಂದು ದನಿ ತರುವ ಆಂಟೆನಾ ತಂತಿಗೂ ರೇಡಿಯೋಗೂ ನಡುವೆ ಒಂದು ಪುಟ್ಟ ಡಬ್ಬಿ ಸಿಕ್ಕಿಸಿದ. ಮಾತು ಕಳಿಸುವ ತಂತಿ ಬೇರೆಯೇ ಇತ್ತು. ಹಾಡು ತಟ್ಟನೆ ಅಡಗಿತು. ಬಂದರಿನ ಸಾಹೇಬರಿಗೆ ಖುಷಿಯೋ ಖುಷಿ.

ಇವಳಿಗೆ ಮಾತ್ರ ಕಸಿವಿಸಿ. ಹಿಟ್ಟು ಜರಡಿ ಹಿಡಿದ ಹಾಗೆ ಸದಾ ಕೇಳುತ್ತಿದ್ದ ಸೊರಸೊರ ಸದ್ದೂ ಹೋಗಿತ್ತು. ಅದನ್ನು ಹೇಳಿದರೆ, ಸದ್ದಿದ್ದರೂ ದೂರು, ಇಲ್ಲದಿದ್ದರೂ ದೂರು ಎಂದು ಮೇಸ್ತ್ರಿ ನಕ್ಕ. ಹತ್ತಿರದ ದೋಣಿಗಳ ದನಿ ಚೆನ್ನಾಗಿಯೇ ಕೇಳುತ್ತಿತ್ತು.

ಡಬ್ಬಿ ಬಂದ ದಿನವೇ ಅವಳ ತಮ್ಮ ಕಡಲಿಗೆ ಹೋದದ್ದು. ತಾಯಿ ಸತ್ತ ಮೇಲೆ ಇವಳೇ ಎತ್ತಿ ಆಡಿಸಿ ಬೆಳೆಸಿದ ತಮ್ಮ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ. ಎಲ್ಲರೂ ದಡದ ಆಸುಪಾಸಿನಲ್ಲಿ ಮೀನು ಹಿಡಿದರೆ ಅವನ ದೋಣಿಯೊಂದೇ ಎರಡು ದಿನದ ದೂರಕ್ಕೆ ಹೋಗುತ್ತಿತ್ತು. ಎಂಜಿನ್ ತೋರಿಸಿ ಹೋಗು ಎಂದಳು, ಕೇಳಲಿಲ್ಲ. ಮಾತಿಗೆ ಮಾತು ಬೆಳೆದು, ಕೊನೆಗೆ ನಿನ್ನ ದನಿಯೂ ನನಗೆ ಬೇಡ ಎಂದುಬಿಟ್ಟಿದ್ದಳು.

ದಿನಾ ಬೆಳಿಗ್ಗೆ ಒಂಬತ್ತಕ್ಕೆ ದೋಣಿಗಳು ಕರೆದು ತಂತಮ್ಮ ಸುದ್ದಿ ಹೇಳಬೇಕು. ಮೊದಲ ದಿನ ಅವನ ಕರೆ ಬಂತು, ಸಣ್ಣಗೆ. ಎರಡನೆಯ ದಿನ ಬರಲಿಲ್ಲ. ಎಷ್ಟು ಜಂಬ ಎಂದುಕೊಂಡಳು. ಮೂರನೆಯ ದಿನ ಜಂಬ ಬಿಟ್ಟು ತಾನೇ ಕರೆದಳು. ಉತ್ತರವಿಲ್ಲ. ಆಮೇಲೆ ಗಂಟೆಗೊಮ್ಮೆ ಕರೆದಳು. ಮುನಿಸಿಕೊಂಡಿದ್ದಾನೆ, ಶನಿವಾರ ತಾನಾಗಿ ಬರುತ್ತಾನೆ ಎಂದರು ಸಾಹೇಬರು. ಮುನಿಸೇ ಆಗಿರಲಿ ದೇವರೇ ಎಂದು ಬೇಡಿಕೊಂಡಳು. ಕುರ್ಚಿಗೂ ಕಿಟಕಿಗೂ ಅಲೆದಾಡಿದಳು.

ಐದನೆಯ ದಿನ ಮಧ್ಯಾಹ್ನ ಕಿಟಕಿಯಲ್ಲಿ ನಿಂತಿದ್ದಾಗ ದೂರದ ಕಡಲಿನ ಮೇಲೆ ಮೋಡ ಕಟ್ಟಿ ಮಿಂಚಿತು. ಮಿಂಚಿದಾಗಲೆಲ್ಲ ರೇಡಿಯೋ ಚಟಪಟ ಅನ್ನಬೇಕು. ಹದಿನೇಳು ವರ್ಷದಲ್ಲಿ ಅದು ತಪ್ಪಿದ್ದಿಲ್ಲ. ಮತ್ತೆ ಮಿಂಚಿತು. ರೇಡಿಯೋ ಮಾತ್ರ ತೆಪ್ಪಗಿತ್ತು.

ಓಡಿಬಂದು ಡಬ್ಬಿಯ ತಿರುಪು ಬಿಚ್ಚತೊಡಗಿದಳು. ಕೋಣೆಯಲ್ಲೇ ಇದ್ದ ಮೇಸ್ತ್ರಿ ಹೌಹಾರಿ ಕೈ ಅಡ್ಡ ತಂದ.

"ನಿಮ್ಮ ಡಬ್ಬಿ ಹಾಡನ್ನಷ್ಟೇ ತಡೀತಿಲ್ಲ ಮೇಸ್ತ್ರಿ, ಎಲ್ಲಾನೂ ಅಮುಕ್ತಿದೆ. ದೂರದವರ ದನಿ ಮೊದಲೇ ಸಣ್ಣದು, ಅದು ಪೂರ್ತಿ ಸತ್ತೇ ಹೋಗಿದೆ. ನೆಗಡಿ ಬಂತು ಅಂತ ಮೂಗು ಕೊಯ್ಕೊಂಡು ಕೂತಿದ್ದೀವಿ."

ಮೇಸ್ತ್ರಿ ಒಮ್ಮೆ ಕಿಟಕಿಯಾಚೆಯ ಮಿಂಚು ನೋಡಿದ. ಕೈ ಹಿಂದೆ ತೆಗೆದ.

ತಂತಿಯನ್ನು ನೇರ ರೇಡಿಯೋಗೆ ಸಿಕ್ಕಿಸಿದ್ದೇ ಹಾಡು ಧೋ ಎಂದು ನುಗ್ಗಿತು, ಅದರೊಳಗೆ ಮಿಂಚಿನ ಚಟಪಟ. ಅವಳು ತಮ್ಮನ ದೋಣಿಯ ಹೆಸರು ಹಿಡಿದು ಕರೆದಳು. ಹಾಡಿನ ಅಡಿಯಿಂದ ಒಂದು ದನಿ ಬಂತು, ಗೊಗ್ಗರು, ಎಳೆಯಷ್ಟು.

"ಓ, ಅಕ್ಕಾ."

ಎಂಜಿನ್ ಕೆಟ್ಟು ನಾಲ್ಕು ದಿನವಾಗಿತ್ತು. ಕುಡಿಯುವ ನೀರು ನಾಳೆಯವರೆಗೆ ಮಾತ್ರ. ಎಲ್ಲಿದ್ದೇನೆ ಎಂದು ಅವನು ಹೇಳಿದ್ದನ್ನು ಎರಡೆರಡು ಸಲ ಕೇಳಿ ಬರೆದುಕೊಂಡಳು. ಮೇಸ್ತ್ರಿ ಆ ಚೀಟಿ ಹಿಡಿದು ರಕ್ಷಣಾ ದೋಣಿಯತ್ತ ಓಡಿದ.

"ನೀನು ಕರೆದಾಗಲೆಲ್ಲ ಓ ಅಂದೆ ಅಕ್ಕ, ಒಂದು ಸಲಾನೂ ಬಿಟ್ಟಿಲ್ಲ," ಎಂದಿತು ದನಿ. "ಆದ್ರೂ ನೀನು ಮತ್ತೆ ಮತ್ತೆ ಕರೀತಾನೇ ಇದ್ದೆ."

ಅವಳಿಗೆ ಅಳು ಒತ್ತರಿಸಿ ಬಂತು. ಮಾತಾಡುವ ಗುಂಡಿ ಒತ್ತಿದಷ್ಟು ಹೊತ್ತು ಅವನ ದನಿ ಕೇಳಿಸುವುದಿಲ್ಲ. ಅದಕ್ಕೇ ಗುಂಡಿಯಿಂದ ಕೈ ತೆಗೆದು ಅತ್ತಳು.