ಹುರುಳಿಯ ಮೇಲೆ ಹತ್ತಿಸಿದ ಕೆಂಪು ಕಾರು

ಅವತ್ತು ಕಾರು ಓಡಿಸುತ್ತಿದ್ದವನು ನಾನು. ನಿಂಗರಾಜು ಅಲ್ಲ. ನನ್ನ ಮದುವೆಗೆಂದು ಮೈಸೂರಿನಿಂದ ಬಾಡಿಗೆಗೆ ತಂದ ಕೆಂಪು ಸ್ಪೋರ್ಟ್ಸ್ ಕಾರಿನ ಅಡಿಭಾಗ ಸುಟ್ಟದ್ದು ನನ್ನ ಕೈಯಿಂದ. ಅದನ್ನು ಆ ಕಾರಿನ ಡ್ರೈವರ್ ನಿಂಗರಾಜುವಿನ ತಲೆಗೆ ಕಟ್ಟಿದ್ದು ನನ್ನ ಬಾಯಿ. ಇಷ್ಟನ್ನು ಹೇಳಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಹೇಳದೆ ಉಳಿದದ್ದು ಹೆದರಿಕೆಯಿಂದಲ್ಲ — ಜಂಬದಿಂದ. ಆ ಜಂಬ ಇನ್ನೂ ಪೂರ್ತಿ ಇಳಿದಿಲ್ಲ, ಓದುತ್ತಾ ಹೋದರೆ ನಿಮಗೇ ಗೊತ್ತಾಗುತ್ತದೆ.

ಜಂಬ ಯಾಕೆ ಇರಬಾರದು, ನೀವೇ ಹೇಳಿ. ಆಗ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ — ಈ ನಾಲ್ಕು ತಾಲ್ಲೂಕಿನಲ್ಲಿ ಯಾವ ಮದುಮಗನೂ ಅಂಥ ಕಾರಿನಲ್ಲಿ ಕೂತಿರಲಿಲ್ಲ. ಎರಡೇ ಬಾಗಿಲು, ಎರಡೇ ಸೀಟು, ಮೇಲಿನ ಹೊದಿಕೆ ಮಡಚಿದರೆ ತೆರೆದ ಆಕಾಶ. ಆ ವರ್ಷ ಹೊಗೆಸೊಪ್ಪಿಗೆ ಒಳ್ಳೆಯ ದರ ಬಂದಿತ್ತು. ಹನಗೋಡಿನ ನಮ್ಮ ಮನೆಯಲ್ಲಿ ಅಪ್ಪ ಒಂದೇ ಮಾತು ಹೇಳಿದ್ದರು: "ನಿನ್ ಮದ್ವೆ ಅಂದ್ರೆ ಜನ ನೆಪ್ಪಿಟ್ಕಬೇಕು ಕಣ್ಲಾ." ಜನ ನೆಪ್ಪಿಟ್ಟುಕೊಂಡಿದ್ದಾರೆ. ಅದೇ ಈಗ ತೊಂದರೆ.

ಕಾರಿನ ಮಾಲೀಕ ಮೈಸೂರಿನವನು, ಬಹಳ ನಯವಾಗಿ ಮಾತಾಡುತ್ತಿದ್ದ. ದಿನದ ಬಾಡಿಗೆ ಕೇಳಿದಾಗ ಇಷ್ಟೇನಾ ಅನ್ನಿಸಿತು. ಮಿಕ್ಕದ್ದೆಲ್ಲ ಆಮೇಲೆ ಒಂದೊಂದಾಗಿ ಹೊರಬಿತ್ತು. ಕಿಲೋಮೀಟರು ಲೆಕ್ಕ ನಮ್ಮೂರಿನಿಂದಲ್ಲ, ಅವರ ಶೆಡ್ಡಿನಿಂದ ಶೆಡ್ಡಿಗೆ. ಪೆಟ್ರೋಲು ನಮ್ಮದು, ಅದು ಕುಡಿಯುವ ಪರಿಗೆ ನಮ್ಮ ಟ್ರ್ಯಾಕ್ಟರೇ ಸಾಧು. ಹೂವಿನ ಹಾರವನ್ನು ಟೇಪು ಹಾಕಿ ಅಂಟಿಸಿ ಬಣ್ಣ ಎದ್ದರೆ ಅದಕ್ಕೆ ಬೇರೆ ದುಡ್ಡು. ಬಾನೆಟ್ಟಿಗೆ ಅರಿಸಿನ ಕುಂಕುಮ ಹಚ್ಚಿ ಕಲೆ ಉಳಿದರೆ ಅದಕ್ಕೂ ಬೇರೆ — ಮದುವೆ ಕಾರಿಗೆ ಅರಿಸಿನ ಕುಂಕುಮ ಹಚ್ಚದೆ ಇನ್ನೇನು ಕ್ರೀಮ್ ಹಚ್ಚಬೇಕಿತ್ತೇ? ಕಾರು ಕೆಟ್ಟು ನಿಂತರೆ, ನಿಂತಷ್ಟು ದಿನದ ಬಾಡಿಗೆಯೂ ನಮ್ಮ ಮೇಲೆ. ಮತ್ತೆ ಕೊನೆಗೊಂದು: ಅವರ ಡ್ರೈವರ್ ಬಿಟ್ಟು ಬೇರೆ ಯಾರು ಸ್ಟಿಯರಿಂಗ್ ಮುಟ್ಟಿದರೂ ವಿಮೆ ಇಲ್ಲ, ಪೂರ್ತಿ ರಿಪೇರಿ ಮುಟ್ಟಿದವನದು.

ಇದನ್ನೆಲ್ಲ ನನಗೆ ಹೇಳಿದವನು ಮಾಲೀಕನಲ್ಲ, ನಿಂಗರಾಜು. ಕೆ.ಆರ್.ನಗರದ ಕಡೆಯವನು, ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಮದುವೆಯ ಹಿಂದಿನ ದಿನ ನಾನೇ ಮೈಸೂರಿಗೆ ಹೋಗಿದ್ದೆ. ಸಂಜೆ ಅರಿಸಿನ ಹಚ್ಚುವ ಶಾಸ್ತ್ರ, ಮದುಮಗ ಊರು ಬಿಟ್ಟು ಹೋಗಬಾರದು ಎಂದು ಅವ್ವ ಬಯ್ದಿದ್ದಳು. ಆದರೂ ಬೆಳಿಗ್ಗೆಯೇ ಕಣ್ತಪ್ಪಿಸಿ ಬಸ್ಸು ಹತ್ತಿದ್ದೆ. ನಾನು ಹೋಗದಿದ್ದರೆ ಅವರು ಬೇರೆ ಯಾವುದೋ ಕಾರು ತಳ್ಳಿಬಿಟ್ಟಾರು ಎಂಬ ಅನುಮಾನ. ವಾಪಸು ಬರುವಾಗ ಬಿಳಿಕೆರೆಯಲ್ಲಿ ಟೀ ಕುಡಿಯಲು ನಿಲ್ಲಿಸಿದೆವು. ಅಂಗಡಿಯವರು, ಬಸ್ಸಿಗೆ ಕಾದವರು ಎಲ್ಲ ಸುತ್ತ ನೆರೆದರು. ನಾನು ಕಾರಿಗೊರಗಿ ನಿಂತಿದ್ದೆ, ನಮ್ಮಜ್ಜ ಬಿಟ್ಟುಹೋದ ಆಸ್ತಿ ಎಂಬಂತೆ. ಅಲ್ಲಿಯೇ ನಿಂಗರಾಜು ಈ ಒಳಗಿನ ಲೆಕ್ಕವನ್ನೆಲ್ಲ ಬಿಡಿಸಿ ಹೇಳಿದ. ಹೇಳುವ ಅಗತ್ಯ ಅವನಿಗಿರಲಿಲ್ಲ. "ನಮ್ ಕಡೆ ಜನ ನೀವು, ಆಮೇಲೆ ನೊಂದ್ಕಬಾರ್ದು ಅಂತ ಯೋಳ್ತೀನಿ," ಎಂದ.

ಹುಣಸೂರು ದಾಟಿದ ಮೇಲೆ ನಾನು ಶುರು ಮಾಡಿದೆ. ಊರೊಳಗೆ ನಾನೇ ಓಡಿಸಿಕೊಂಡು ಹೋಗಬೇಕು, ಒಂದು ಸಲ, ಒಂದೇ ಸಲ. ಅವನು ಬೇಡ ಎಂದ. ನಾನು ಬಿಡಲಿಲ್ಲ. ನಾಳೆ ಮದುವೆಯಾಗುವ ಗಂಡು ಗೋಗರೆದರೆ ಎಷ್ಟು ಹೊತ್ತು ಬೇಡ ಅಂದಾನು ಪಾಪ — ಕೊನೆಗೆ ಇಳಿದು ಈಚೆ ಸೀಟಿಗೆ ಬಂದ.

ನಮ್ಮ ಕಡೆ ಹುರುಳಿ ಬಡಿಯಲು — ನಮ್ಮ ಬಾಯಲ್ಲಿ ಅದು ಉಳ್ಳಿ — ಯಾರೂ ಬೇರೆ ಕಣ ಮಾಡುವುದಿಲ್ಲ. ಕಿತ್ತ ಗಿಡವನ್ನು ಟಾರು ರಸ್ತೆಗೇ ಹರಡುತ್ತೇವೆ. ಬಸ್ಸು, ಲಾರಿ, ಟ್ರ್ಯಾಕ್ಟರು ಮೇಲೆ ಹಾದಂತೆ ಕಾಯಿ ಒಡೆದು ಕಾಳು ಉದುರುತ್ತದೆ. ಅದರ ಮೇಲೆ ಗಾಡಿ ಹಾಯಿಸಿಕೊಂಡು ಹೋಗುವುದು ಉಪಕಾರ, ಪಕ್ಕಕ್ಕೆ ಸರಿದು ಹೋಗುವವನು ಪೇಟೆಯವನು. ಹನಗೋಡಿಗೆ ಇನ್ನು ಸ್ವಲ್ಪ ದೂರವಿರುವಾಗ ರಸ್ತೆಯ ಉದ್ದಕ್ಕೂ ಮೊಣಕಾಲೆತ್ತರ ಹುರುಳಿ ಬಿದ್ದಿತ್ತು. ಪಕ್ಕದಲ್ಲಿ ಒಬ್ಬ ಹೆಂಗಸು ಕವೆಗೋಲು ಹಿಡಿದು ನಿಂತಿದ್ದಳು.

"ನಿಲ್ಸಿ ಬುದ್ಧಿ, ಒಂದ್ ಪಕ್ಕ ಎಳ್ದಾಕ್ಬುಡ್ತೀನಿ. ಈ ಕಾರು ನೆಲದಿಂದ ಒಂದ್ ಗೇಣೂ ಎತ್ರ ಇಲ್ಲ ಕಣ್ರೀ," ಎಂದ ನಿಂಗರಾಜು.

"ರೈತನ್ ಮಗ ಕಣಯ್ಯ ನಾನು. ಉಳ್ಳಿ ಕಂಡು ಗಾಡಿ ನಿಲ್ಸಾದಾ?"

ಹಾಯಿಸಿದೆ. ಆ ಹೆಂಗಸು ಬಾಯಿಗೆ ಸೆರಗು ಹಿಡಿದು ನಕ್ಕಳು. "ಇನ್ನೊಂದ್ ದಪ ಓಗ್ಬುಡಪ್ಪ, ನಿಂಗ್ ಪುಣ್ಯ ಬತ್ತದೆ," ಎಂದಳು. ನಾನು ರಿವರ್ಸ್ ತೆಗೆದೆ. ನಿಂಗರಾಜು ನನ್ನ ತೋಳು ಹಿಡಿದ, ನಾನು ಕೊಡವಿದೆ. ಮತ್ತೆ ಹಾಯಿಸಿದೆ. ನಿಜ ಹೇಳುತ್ತೇನೆ — ಆ ಗಳಿಗೆಯಲ್ಲಿ ನನ್ನಷ್ಟು ಸುಖಪುರುಷ ಆ ರಸ್ತೆಯಲ್ಲಿ ಇನ್ನೊಬ್ಬನಿರಲಿಲ್ಲ. ಅಂಥ ಕಾರಿನಲ್ಲಿ ಹುರುಳಿ ಬಡಿದವನು ಈ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ಅದನ್ನು ನೆನೆದರೆ ಈಗಲೂ ತುಟಿಯಂಚಿಗೆ ನಗು ಬರುತ್ತದೆ, ಮತ್ತೆ ತಕ್ಷಣ —

ತಕ್ಷಣ ಹೊಗೆ. ಒಣಗಿದ ಗಿಡವೆಲ್ಲ ಕಾರಿನಡಿ ತುರುಕಿಕೊಂಡು, ಕಾದ ಸೈಲೆನ್ಸರಿಗೆ ಸುತ್ತಿ ಹೊತ್ತಿಕೊಂಡಿತ್ತು. ನಾನು ಇಳಿದು ದೂರ ಓಡಿದೆ. ನಿಂಗರಾಜು ನೆಲಕ್ಕೆ ಬಿದ್ದು ಬರಿಗೈಯಲ್ಲಿ ಉರಿಯುವ ಹುಲ್ಲು ಎಳೆದೆಳೆದು ಹಾಕಿದ, ಮಣ್ಣು ತೂರಿದ. ಆ ಹೆಂಗಸು ಬಿಂದಿಗೆಯ ನೀರು ತಂದು ಸುರಿದಳು. ಬೆಂಕಿ ಆರಿತು. ಒಳಗಿನ ವೈರು ಬೆಂದಿತ್ತು, ಕಾರಿನ ಮುಂದಿನ ಬಂಪರಿನ ಕೆಳತುಟಿ ಸೀಳಿ ಜೋತುಬಿದ್ದಿತ್ತು. ಅವನ ಅಂಗೈ ಬೊಬ್ಬೆ ಬಂದಿತ್ತು. ಅವನು ನನ್ನನ್ನು ಬಯ್ಯಲಿಲ್ಲ. ಕಾರನ್ನು ನಿಧಾನವಾಗಿ ಊರಿಗೆ ತಂದು, ಸಂಜೆಯವರೆಗೆ ಅದರಡಿ ಮಲಗಿ ತಂತಿ ಕಟ್ಟಿ, ಸೀಳಿನ ಮೇಲೆ ಚೆಂಡುಹೂವಿನ ಹಾರ ಇಳಿಬಿಟ್ಟ.

ಮಾರನೆಯ ದಿನ ಹಾರನಹಳ್ಳಿಯಲ್ಲಿ, ಹೆಣ್ಣಿನ ಊರಿನಲ್ಲಿ, ಮೆರವಣಿಗೆ. ಅದನ್ನು ಹೇಗೆ ಹೇಳಲಿ? ನಿಂಗರಾಜು ಬೆಂದ ಕೈಗೆ ಬಟ್ಟೆ ಸುತ್ತಿಕೊಂಡು ಓಡಿಸುತ್ತಿದ್ದ. ನಾನೂ ಮದುಮಗಳು ಸವಿತಾಳೂ ಸೀಟಿನ ಹಿಂದೆ, ಹೊದಿಕೆ ಮಡಚಿಟ್ಟ ಏರಿನ ಮೇಲೆ ಕೂತಿದ್ದೆವು. ಕಳಸ ಹಿಡಿದ ನನ್ನ ಸೋದರತ್ತೆಗೆ ಜಾಗವಿಲ್ಲದೆ ಅವಳು ಉದ್ದಕ್ಕೂ ಗೊಣಗುತ್ತಾ ನಡೆದಳು. ಜನ ಮಾಳಿಗೆ ಹತ್ತಿ ನೋಡಿದರು. ಯಾರ ಮುಂದೆಯೂ ಸಲೀಸಾಗಿ ತಲೆಯೆತ್ತದ ನನ್ನಪ್ಪ ಅವತ್ತು ಕಾರಿನ ಮುಂದೆ ಎದೆಯುಬ್ಬಿಸಿ ನಡೆದರು. ಅದು ಸುಳ್ಳಲ್ಲ. ಆ ಹೆಮ್ಮೆಯನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಧಾರೆ ಮುಗಿದು ಪಂಕ್ತಿ ನಡೆಯುತ್ತಿರುವಾಗಲೇ ಮಾಲೀಕ ಬಂದ. ಕಾರು ತಾನೇ ಒಯ್ಯುತ್ತೇನೆಂದು ಮೊದಲೇ ಹೇಳಿದ್ದ. ಹಾರ ಸರಿಸಿದ, ಬಗ್ಗಿ ನೋಡಿದ. ಅವನ ನಯವೆಲ್ಲ ಹೋಯಿತು. ನನ್ನ ಮಾವ, ಅವರ ಅಣ್ಣತಮ್ಮಂದಿರು, ಅಪ್ಪ — ಎಲ್ಲ ಚಪ್ಪರದಿಂದ ಎದ್ದು ಬಂದು ಸುತ್ತ ನಿಂತರು.

"ಓಡಿಸ್ತಿದ್ದದ್ದು ಯಾರು?" ಎಂದು ಮಾಲೀಕ ಕೇಳಿದ.

ಎಲ್ಲ ನನ್ನನ್ನು ನೋಡಿದರು. ನಾನೇ ಎಂದಿದ್ದರೆ ಏನಾಗುತ್ತಿತ್ತು? ರಿಪೇರಿಗೆ ಅಪ್ಪ ಆ ವರ್ಷದ ಸೊಪ್ಪಿನ ದುಡ್ಡು ಸುರಿಯಬೇಕಾಗುತ್ತಿತ್ತು. ಹೋಗಲಿ, ಸುರಿಯುತ್ತಿದ್ದರು. ನನಗೆ ದುಡ್ಡಿನ ಚಿಂತೆ ಇರಲಿಲ್ಲ. ಮಾವನ ಮನೆಯವರ ಮುಂದೆ, ತಾಳಿ ಕಟ್ಟಿದ ಗಳಿಗೆಯಲ್ಲಿ, ನಾನು ಪೆದ್ದನಾಗಿ ನಿಲ್ಲುವುದು —

"ನಿಮ್ ಡ್ರೈವರೇ," ಎಂದೆ.

ನಿಂಗರಾಜು ನನ್ನನ್ನೇ ನೋಡಿದ. ಆಮೇಲೆ ಪಕ್ಕದಲ್ಲಿ ನಿಂತಿದ್ದ ಸವಿತಾಳನ್ನು ನೋಡಿದ. "ಊಂ, ನಾನೇಯ," ಎಂದ. ಮಾಲೀಕ ಅಲ್ಲಿಯೇ, ಅಷ್ಟು ಜನರ ಮುಂದೆ, ಕೈಚಾಚಿ ಬೀಗದ ಕೈ ಇಸಿದುಕೊಂಡ. ನಾಳೆಯಿಂದ ಬರಬೇಡ ಎಂದ. ತಪ್ಪು ಅವರ ಡ್ರೈವರಿನದಾಯಿತಲ್ಲ, ಕಾರಿಗೆಂದು ನಾನು ಕಟ್ಟಿದ್ದ ಮುಂಗಡ ವಾಪಸು ಬಂತು. ನಿಂಗರಾಜು ಬಸ್ಸು ನಿಲ್ಲುವ ಕಡೆಗೆ ನಡೆದುಹೋದ.

ಆಮೇಲೆ ಮೈಸೂರಿನ ಯಾವ ಬಾಡಿಗೆ ಕಾರಿನವರೂ ಅವನನ್ನು ಸೇರಿಸಲಿಲ್ಲವಂತೆ. ಕಾರು ಸುಟ್ಟವನು ಎಂದು ಹೆಸರು ಬಿತ್ತಂತೆ. ಕೆ.ಆರ್.ನಗರದಲ್ಲಿ ಕಬ್ಬಿನ ಟ್ರ್ಯಾಕ್ಟರು ಓಡಿಸುತ್ತಾನೆಂದು ಕೇಳಿದ್ದೇನೆ. ಹತ್ತಾರು ಸಲ ಆ ಊರಿನ ಮೇಲೆ ಹಾದಿದ್ದೇನೆ, ನಿಲ್ಲಿಸಿಲ್ಲ.

ನಾನು ಈಗ ಹುಣಸೂರಿನಲ್ಲಿ ಶಾಮಿಯಾನ, ಮದುವೆ ಕಾರುಗಳ ಬಾಡಿಗೆ ಅಂಗಡಿ ಇಟ್ಟಿದ್ದೇನೆ. ಕಾರು ಕೇಳಿ ಬಂದವರನ್ನು ಕೂರಿಸಿ ಮೊದಲೇ ಎಲ್ಲ ಬಿಡಿಸಿ ಹೇಳುತ್ತೇನೆ — ಶೆಡ್ಡಿನ ಕಿಲೋಮೀಟರು, ಟೇಪಿನ ಕಲೆ, ಕಾರು ನಿಂತ ದಿನದ ಲೆಕ್ಕ, ವಿಮೆ ಯಾರ ಕೈಗೆ ಇದೆ ಯಾರ ಕೈಗೆ ಇಲ್ಲ. ಒಳಗೊಂದು ಹೊರಗೊಂದು ಇಲ್ಲದ ಮನುಷ್ಯ ಎಂದು ಸುತ್ತಲೂ ಹೆಸರಿದೆ. ಕಷ್ಟಪಟ್ಟು ಗಳಿಸಿದ ಹೆಸರು, ಹೆಮ್ಮೆಯಿದೆ. ಆದರೆ ಆ ಮಾತುಗಳೆಲ್ಲ ಬಿಳಿಕೆರೆಯ ಟೀ ಅಂಗಡಿಯ ಮುಂದೆ ನಿಂಗರಾಜು ಆಡಿದವು. ಅವನ ಹೆಸರು ಕಳೆದು ಅವನ ಮಾತಿನಿಂದ ನನ್ನ ಹೆಸರು ಮಾಡಿಕೊಂಡೆ.

ಇನ್ನೂ ಒಂದಿದೆ. ನನ್ನ ಹೆಂಡತಿ ಈ ಕಥೆಯನ್ನು ಪ್ರತಿ ನಾಮಕರಣ, ಪ್ರತಿ ಮದುವೆಯಲ್ಲಿ ಹೇಳುತ್ತಾಳೆ. ಸೊಗಸಾಗಿ ಹೇಳುತ್ತಾಳೆ — ಉಳ್ಳಿ ಬಡಿಯಲು ಕೆಂಪು ಕಾರು ತಂದ ಡ್ರೈವರಿನ ಕಥೆ. ನೆಂಟರೆಲ್ಲ ಹೊಟ್ಟೆ ಹಿಡಿದು ನಗುತ್ತಾರೆ. ನಾನೂ ನಗುತ್ತೇನೆ. ಎಷ್ಟೋ ಸಲ ಅವಳು ಮರೆತ ಭಾಗವನ್ನು ನಾನೇ ನೆನಪಿಸಿದ್ದೇನೆ.

ನಿಂಗರಾಜು, ನೀನು ಇದನ್ನು ಓದುತ್ತೀಯೋ ಇಲ್ಲವೋ. ಈ ವಾರ ಕೆ.ಆರ್.ನಗರಕ್ಕೆ ಬರುತ್ತೇನೆ. ಕ್ಷಮಿಸು ಎಂದು ಕೇಳಲು ಅಲ್ಲ, ಅದು ನನಗೇ ಸುಲಭವಾಗಿಬಿಡುತ್ತದೆ. ನಿನ್ನನ್ನು ಹಾರನಹಳ್ಳಿಗೆ ಕರೆಯಲು. ಅಲ್ಲಿ ಮಾವನ ಮನೆಯವರ ಮುಂದೆ ನಿಜ ಹೇಳುತ್ತೇನೆ, ನೀನು ಬಂದರೆ ನಿನ್ನ ಎದುರಿಗೆ, ಬಾರದಿದ್ದರೆ ಹಾಗೆಯೇ.

ಇಲ್ಲಿಯವರೆಗೆ ಬರೆದದ್ದನ್ನು ನಿನ್ನೆ ಸವಿತಾಳಿಗೆ ಓದಿದೆ. ಬಯ್ಯುತ್ತಾಳೆ ಎಂದುಕೊಂಡಿದ್ದೆ, ಇಲ್ಲವೇ ಅಳುತ್ತಾಳೆ. ಎರಡೂ ಮಾಡಲಿಲ್ಲ. ಒಂದೇ ಮಾತು ಕೇಳಿದಳು:

"ಆವಯ್ಯ ಅವತ್ತು ಊಟನಾದ್ರೂ ಉಂಡ್ಕಂಡ್ ಓದ್ನಾ?"

ನನಗೆ ಗೊತ್ತಿರಲಿಲ್ಲ.