ಎರಡು ರಸದಲ್ಲಿ ಸಾಕಿದ್ದು

1999ರಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೇ ಕ್ಲಾಸು. ಪ್ರಾಣಿಗಳ ಸಂತಾನೋತ್ಪತ್ತಿಯ ಪಾಠ ಬಂದಾಗ ಮೇಷ್ಟ್ರು ಹೆಣ್ಣುಮಕ್ಕಳ ಬೆಂಚಿನ ಕಡೆ ಒಮ್ಮೆ ನೋಡಿ, ಇದನ್ನು ಮನೆಯಲ್ಲೇ ಓದಿಕೊಳ್ಳಿ ಎಂದು ಮುಂದಿನ ಪಾಠಕ್ಕೆ ಹಾರಿದರು. ಓದಿಕೊಳ್ಳುವಷ್ಟರಲ್ಲಿ ನಾನು ಶಾಲೆಯನ್ನೇ ಬಿಟ್ಟಿದ್ದೆ.

ಅದರಿಂದ ನನ್ನ ಬದುಕೇನೂ ಕೆಡಲಿಲ್ಲ. ಶೀಳನೆರೆಯ ಹತ್ತಿರ ನನ್ನದು ಚಾಕಿಮನೆ. ರೇಷ್ಮೆಮೊಟ್ಟೆ ತಂದು, ಮರಿ ಒಡೆಸಿ, ಎಳೆಹುಳುಗಳನ್ನು ಎರಡನೇ ಜ್ವರ ದಾಟಿಸಿ ರೈತರಿಗೆ ಮಾರುವ ಕೆಲಸ. ಹುಳು ಮೇವು ಬಿಟ್ಟು, ಪೊರೆ ಕಳಚಲು ಸುಮ್ಮನೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ಕೆ.ಆರ್. ಪೇಟೆಯಿಂದ ನಾಗಮಂಗಲದ ತನಕ ಎಷ್ಟೋ ಮನೆಗಳ ಗೂಡು ನನ್ನ ಕೈಯಲ್ಲಿ ಬೆಳೆದ ಮರಿಯದು.

ಆದರೆ ಮದುವೆಯಾಗಿ ಹತ್ತು ವರ್ಷವಾದರೂ ನಮ್ಮ ಮನೆಯಲ್ಲಿ ತೊಟ್ಟಿಲು ಕಟ್ಟಲಿಲ್ಲ. ಈ ವಿಷಯದಲ್ಲಿ ಊರಿನವರಿಗೆ ನಮಗಿಂತ ಹೆಚ್ಚು ಚಿಂತೆ. ಟೀ ಅಂಗಡಿಯಲ್ಲಿ ನನ್ನ ಗಿರಾಕಿಯೊಬ್ಬ ಕೇಳಿಯೇಬಿಟ್ಟ: "ಊರ್ಗೆಲ್ಲ ಮರಿ ಹಂಚ್ತೀಯ, ನಿನ್ಗೂ ಅಂತ ಒಂದ್ ಮಡಿಕ್ಕಬಾರ್ದೇನ್ಲಾ?" ಆ ಸಲ ಅವನಿಗೆ ಎಲ್ಲರಿಗಿಂತ ಕೊನೆಗೆ ಮರಿ ಕೊಟ್ಟೆ.

ಪ್ರನಾಳ ಶಿಶುವಿಗಾಗಿ ಮೈಸೂರಿನ ಆಸ್ಪತ್ರೆಯೊಂದಕ್ಕೆ ತಿರುಗತೊಡಗಿದೆವು. ಪಾಂಡವಪುರದ ತನಕ ಬೈಕು, ಅಲ್ಲಿಂದ ರೈಲು. ಶ್ರೀರಂಗಪಟ್ಟಣದಲ್ಲಿ ಹೊಳೆ ಬಂದಾಗಲೆಲ್ಲ ಹೆಂಡತಿ ಕೈಮುಗಿಯುವಳು. ನಾನು ಮುಗಿಯುತ್ತಿರಲಿಲ್ಲ, ಅವಳು ಮುಗಿದಳೋ ಇಲ್ಲವೋ ಎಂದು ಮಾತ್ರ ನೋಡಿಕೊಳ್ಳುತ್ತಿದ್ದೆ. ಮೊದಲ ಪ್ರಯತ್ನ ನೆಲ ಕಚ್ಚಿತು. ಎರಡನೆಯದಕ್ಕೆ ಹೊರಟಾಗ ಅವಳು ಹೇಳಿದಳು: "ಇದೇ ಕೊನೆ. ಹೊಟ್ಟೆ ಮೇಲೆ ಇನ್ನು ಸೂಜಿ ಚುಚ್ಚಕ್ಕೆ ಜಾಗಿಲ್ಲ." ಅದು ಬೆದರಿಕೆಯಲ್ಲ. ಸೂಜಿ ಹಾಕುತ್ತಿದ್ದವನು ನಾನೇ, ನನಗೆ ಗೊತ್ತಿತ್ತು.

ಹೆಂಡತಿಯ ಹೊಟ್ಟೆಯಿಂದ ಮೊಟ್ಟೆ ತೆಗೆದ ದಿನ ಲ್ಯಾಬಿನ ಹುಡುಗಿ ನಮ್ಮನ್ನು ಕೂರಿಸಿಕೊಂಡು ವಿವರಿಸಿದಳು. ಭ್ರೂಣಗಳನ್ನು ಐದು ದಿನ ಪೆಟ್ಟಿಗೆಯಲ್ಲಿ ಬೆಚ್ಚಗೆ ಸಾಕುತ್ತಾರೆ. ಅದಕ್ಕೆ ಎರಡು ಪದ್ಧತಿ. ಒಂದರಲ್ಲಿ ಮೂರು ದಿನ ಒಂದು ರಸ, ಆಮೇಲೆ ತೆಗೆದು ಬೇರೆ ರಸಕ್ಕೆ ಬಿಡುವುದು; ಬೆಳೆದಂತೆ ಅದರ ಆಹಾರ ಬದಲಾಗುತ್ತದಂತೆ. ಇನ್ನೊಂದರಲ್ಲಿ ಮೊದಲಿಂದ ಕೊನೆಯವರೆಗೆ ಒಂದೇ ರಸ. ಬೇಕಾದ್ದೆಲ್ಲ ಅದರಲ್ಲೇ ಇರುತ್ತದೆ, ಮುಟ್ಟಿ ತೊಂದರೆ ಕೊಡುವುದು ಬೇಡ. ಯಾವುದು ಮೇಲು ಎಂದು ಕೇಳಿದೆ. ಎರಡರಲ್ಲೂ ಮಕ್ಕಳಾಗಿವೆ, ಇದೇ ಮೇಲು ಎಂದು ಹೇಳಲಾಗದು ಎಂದಳು.

ಈ ಮಾತು ನನಗೆ ಹಿಡಿಸಲಿಲ್ಲ. ಗೊಬ್ಬರದಂಗಡಿಯವನು ಎರಡು ಚೀಲ ಮುಂದಿಟ್ಟು ಎರಡೂ ಒಂದೇ ಎಂದರೆ, ಅವನಿಗೆ ಎರಡೂ ಗೊತ್ತಿಲ್ಲ ಎಂದರ್ಥ. ಎಳೆಹುಳುವಿಗೆ ಎಳೆ ಎಲೆ, ಬಲಿತದ್ದಕ್ಕೆ ಬಲಿತ ಎಲೆ. ಜ್ವರದಿಂದ ಎದ್ದ ಹುಳುವಿಗೆ ಯಾರಾದರೂ ಹಳೇ ಮೇವನ್ನೇ ಹಾಕುತ್ತಾರೆಯೇ? ರಸ ಬದಲಿಸುವುದೇ ಸರಿ ಎಂದು ನಾನು ತೀರ್ಮಾನಿಸಿಬಿಟ್ಟೆ. ಆದರೂ ನಮ್ಮಲ್ಲಿ ಒಂದು ನ್ಯಾಯವುಂಟು: ಹೊಸ ತಳಿಯ ಸೊಪ್ಪು ಬಂದರೆ ಒಂದೇ ಮೊಟ್ಟೆಹಾಳೆಯ ಮರಿಗಳನ್ನು ಎರಡು ಪಾಲು ಮಾಡಿ ಬೇರೆ ಬೇರೆ ತಟ್ಟೆಯಲ್ಲಿ ಮೇಯಿಸಿ ನೋಡುತ್ತೇವೆ. ಆಮೇಲೆ ಮೊಟ್ಟೆಯ ಮೇಲೆ ದೂರು ಹೇಳುವಂತಿಲ್ಲ. ಹಾಗೇ ಮಾಡಿ ಎಂದೆ. ಅಷ್ಟರಲ್ಲಿ ಅಲ್ಲಿಗೆ ಬಂದ ಡಾಕ್ಟರಮ್ಮ ನಕ್ಕರು, ಎರಡು ರಸವೂ ತಮ್ಮಲ್ಲಿದೆ, ಅಡ್ಡಿಯಿಲ್ಲ ಎಂದರು. ಅರ್ಧ ಅದರಲ್ಲಿ, ಅರ್ಧ ಇದರಲ್ಲಿ. ಹೆಂಡತಿಯನ್ನು ಯಾರೂ ಕೇಳಲಿಲ್ಲ. ಅವಳು ಅರಿವಳಿಕೆಯ ಮಂಪರಿನಲ್ಲಿ ಗೋಡೆಗೆ ಒರಗಿದ್ದಳು.

ಊರಿಗೆ ಬಂದವನೇ ಮನೆಯ ಹೊಸಿಲಿಗೆ ಸುಣ್ಣದ ಪುಡಿ ಚೆಲ್ಲಿದೆ. ಎಳೆಮರಿ ಇರುವ ಜಾಗಕ್ಕೆ ಹೊರಗಿನ ಕಾಲು ಬರಬಾರದು, ಹೊಗೆ ಆಗದು, ಘಾಟು ಆಗದು. ಊದುಬತ್ತಿ ನಿಲ್ಲಿಸಿದೆ, ಒಗ್ಗರಣೆ ನಿಲ್ಲಿಸಿದೆ. ಮಗಳನ್ನು ನೋಡಲು ಬಂದ ಅತ್ತೆಯನ್ನು ಕಾಲು ತೊಳೆಸಿ ಜಗಲಿಯಲ್ಲೇ ಕೂರಿಸಿದೆ. ಒಗ್ಗರಣೆಯಿಲ್ಲದ ಸಾರನ್ನು ಎರಡು ಹೊತ್ತು ಉಂಡ ಮೇಲೆ ಹೆಂಡತಿ ಮೆಲ್ಲಗೆ ಅಂದಳು:

"ಅವು ಇಲ್ಲಿಲ್ಲ ಕಣ್ರೀ. ಮೈಸೂರ್‌ನಲ್ಲಿ ಅವೆ."

ಗೊತ್ತು ಎಂದೆ. ಸುಣ್ಣ ಗುಡಿಸಲಿಲ್ಲ. ಮೈಸೂರಿನಲ್ಲಿ ನನ್ನ ಕೈ ನಡೆಯುತ್ತಿರಲಿಲ್ಲ. ನಡೆಯುವ ಕಡೆ ನಡೆಸಿದೆ.

ಐದನೇ ದಿನ ಹೋದೆವು. ಮಿಕ್ಕವೆಲ್ಲ ನಡುವೆಯೇ ನಿಂತುಹೋಗಿದ್ದವು. ಉಳಿದದ್ದು ರಸ ಬದಲಿಸಿದ್ದರಲ್ಲಿ ಒಂದು, ಬದಲಿಸದ್ದರಲ್ಲಿ ಒಂದು. ಲ್ಯಾಬಿನ ಹುಡುಗಿ ಎರಡರ ಚಿತ್ರವನ್ನೂ ತೋರಿಸಿ ಸಮಸಮ ಇವೆ ಎಂದಳು. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ನನ್ನ ಪದ್ಧತಿಯದು ಸ್ವಲ್ಪ ದುಂಡಗಿದೆ ಅನ್ನಿಸಿತು. ಯಾವುದು ಯಾವುದರದು ಎಂದು ಕೇಳಿದ ಮೇಲೆ ನೋಡಿದರೆ ಅದು ಇನ್ನೊಂದು ಪದ್ಧತಿಯದು.

ಒಂದನ್ನು ಈಗ ಒಳಗಿಟ್ಟು ಇನ್ನೊಂದನ್ನು ಹಿಮದಲ್ಲಿಡೋಣ, ಎರಡನ್ನೂ ಇಟ್ಟರೆ ಅವಳಿಯ ಭಾರ ಹೊರಬೇಕಾದೀತು ಎಂದರು ಡಾಕ್ಟರಮ್ಮ. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಅಂದಳು: "ಎಲ್ಡ್ನೂ ಮಡಗಿ. ಇನ್ನೊಂದ್ ಸಲ ಅಂತ ನಾನ್ ಬರಕಿಲ್ಲ."

ಒಂದು ನಿಂತಿತು. ಒಂದೇ. ಸ್ಕ್ಯಾನಿಂಗಿನಲ್ಲಿ ಗುಂಡಿಗೆ ಮಿಡಿಯುವುದನ್ನು ತೋರಿಸಿದರು. ನಾನು ಕೇಳಿದ್ದು ಇಷ್ಟೇ: ಇದು ಯಾವ ರಸದ್ದು? ಈಗ ಹೇಳಲಾಗದು, ಯಾವತ್ತೂ ಹೇಳಲಾಗದು ಎಂದರು ಡಾಕ್ಟರಮ್ಮ.

ಹೆಣ್ಣುಮಗು ಹುಟ್ಟಿತು. ಅವಳು ಹಟ ಮಾಡಿದರೆ ಬದಲಿಸದ ರಸದವಳು, ಬೇಗ ಹೊಂದಿಕೊಂಡರೆ ಬದಲಿಸಿದ ರಸದವಳು ಎಂದು ನಾನು ಲೆಕ್ಕ ಹಾಕುತ್ತಲೇ ಇದ್ದೆ. ಮಗುವಿಗೆ ಎಣ್ಣೆ ತಿಕ್ಕುತ್ತಿದ್ದ ಹೆಂಡತಿ ಒಂದು ದಿನ ತಲೆಯೆತ್ತದೆ ಹೇಳಿದಳು:

"ರಸಗೋಳು ಐದ್ ದಿನ ಸಾಕ್ದೊ. ಮಿಕ್ಕಿದ್ ಒಂಬತ್ ತಿಂಗ್ಳು ಸಾಕ್ದೋಳು ಇಲ್ಲೇ ಅವ್ಳೆ. ಅವ್ಳನ್ನ ಯಾವ್ ತಟ್ಟೇಲಿ ಮಡಗ್ತೀರಿ?"

ಮೂರನೇ ಪದ್ಧತಿಯೊಂದು ಇರುವುದನ್ನು ಆವತ್ತು ಆಸ್ಪತ್ರೆಯಲ್ಲಿ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಈಗ ನನಗೆ ಹಿಪ್ಪುನೇರಳೆ ಮೂರು ಎಕರೆ, ಚಾಕಿಮನೆ ಎರಡು, ಎಮ್ಮೆ ಒಂದು, ಹೆಂಡತಿ ಒಬ್ಬಳು, ಮಗಳು ಒಬ್ಬಳು.