ಎಡಗಡೆಯ ಶಾಕಬ್ಸರ್

ನನ್ನ ಹೆಂಡತಿ ತೀರಿಕೊಂಡ ಮೇಲೂ ಎಷ್ಟೋ ತಿಂಗಳು ನನ್ನ ಬೈಕಿನ ಹಿಂದೆ ಕೂತು ತಿರುಗಿದಳು. ಹೀಗೆ ಬರೆದರೆ ಜನ ನಗುತ್ತಾರೆ ಎಂದು ಗೊತ್ತು. ನಗಲಿ. ನಾನು ರೋಣದಲ್ಲಿ ಪಂಪಿನ ಮೋಟಾರು ರಿಪೇರಿ ಮಾಡುವವನು. ದೆವ್ವ, ಗಾಳಿ ಎಂದು ಮಾತು ತೆಗೆದವರನ್ನು ಅಂಗಡಿಯ ಮೆಟ್ಟಿಲು ಇಳಿಸಿ ಕಳಿಸಿದವನು. ಆದರೂ ಹೇಳುತ್ತೇನೆ, ಅವಳು ಇದ್ದಳು.

ನಮ್ಮ ಕಡೆ ಸೀರೆ ಉಟ್ಟ ಹೆಂಗಸರು ಕೂರುವಂತೆ ಅವಳೂ ಎರಡೂ ಕಾಲು ಎಡಕ್ಕೆ ಇಳಿಬಿಟ್ಟು ಒಂದು ಮಗ್ಗುಲಾಗಿ ಕೂರುತ್ತಿದ್ದಳು. ನರಗುಂದ, ಗಜೇಂದ್ರಗಡ, ಮನಸ್ಸು ಬಂದಾಗ ಇಟಗಿಯ ಗುಡಿ, ಎಲ್ಲ ಹೀಗೇ ಸುತ್ತಿದ್ದೆವು. ಅವಳು ಹೋದ ಮೇಲೆ ಒಬ್ಬನೇ ಹೊರಟರೂ ರಸ್ತೆಯಲ್ಲಿ ತಗ್ಗು ಬಂದಾಗ ಗಾಡಿ ಎಡಕ್ಕೆ ಕುಸಿಯುತ್ತಿತ್ತು. ಹಿಂದಿನಿಂದ ಸಣ್ಣಗೆ ಕಿರ್ ಎನ್ನುವ ಸದ್ದು. ಮನೆಯ ಮುಂದೆ ನಿಲ್ಲಿಸಿದರೆ ಸೀಟು ಒಂದೆರಡು ಸಲ ತೂಗಿ ಸುಮ್ಮನಾಗುತ್ತಿತ್ತು, ಯಾರೋ ಇಳಿದ ಹಾಗೆ. ಅವಳು ಇಳಿಯುವ ತನಕ ಕಾದು, ಆಮೇಲೆ ನಾನು ಸ್ಟ್ಯಾಂಡು ಹಾಕುತ್ತಿದ್ದೆ.

ಇದನ್ನು ಪಕ್ಕದ ಮನೆಯ ಮುದುಕಿ ನೋಡಿಬಿಟ್ಟಳು. "ಅಕಿ ಇನ್ನೂ ಇಳಿದಿಲ್ಲೋ ತಮ್ಮಾ," ಎಂದಳು. "ಅಮಾಸಿ ದಿನ ಗಾಲಿ ಬುಡಕ ನಿಂಬಿಹಣ್ಣ ಇಟ್ಟು ಗಾಡಿ ಹಾಯಿಸು. ಹೋಗತಾಳ."

"ನಿಮ್ಮ ಕೆಲಸ ನೀವು ನೋಡ್ಕೋರಿ," ಎಂದು ಹರಿಹಾಯ್ದೆ. ನಂಬಿಕೆ ಇಲ್ಲದ್ದಕ್ಕೆ ಬೈದೆ ಎಂದು ಆಕೆ ತಿಳಿದಳು. ಖರೆ ಹೇಳಬೇಕೆಂದರೆ, ಎಲ್ಲಿ ನಿಂಬೆಹಣ್ಣು ಕೆಲಸ ಮಾಡಿಬಿಡುತ್ತದೋ ಎಂದು ಅಂಜಿದ್ದೆ.

ಕಾರಣ ನನಗೆ ತಿಳಿಯದ್ದೇನಲ್ಲ. ಹಿಂದಿನ ಗಾಲಿಗೆ ತಗ್ಗಿನ ಕುಲುಕು ತಡೆಯುವ ಶಾಕಬ್ಸರ್ ಎರಡು, ಅದರಲ್ಲಿ ಎಡಗಡೆಯದರ ಎಣ್ಣೆ ಸೋರಿತ್ತು. ಮುಟ್ಟಿದರೆ ಬೆರಳಿಗೆ ಕಪ್ಪಗೆ ಅಂಟುತ್ತಿತ್ತು. ವರ್ಷಗಟ್ಟಲೆ ಒಂದೇ ಮಗ್ಗುಲಿಗೆ ಭಾರ ಬಿದ್ದರೆ ಕಬ್ಬಿಣವಾದರೂ ಎಷ್ಟು ತಾಳೀತು? ಆದರೆ ರಿಪೇರಿ ಮಾಡಿಸಿದ ಮೇಲೆ ಆ ಸದ್ದು ನಿಂತುಬಿಟ್ಟರೆ, ಇಷ್ಟು ದಿನ ದಾರಿಯುದ್ದಕ್ಕೂ ಅವಳ ಜೊತೆ ಎಂದು ನಾನು ಮಾತಾಡಿದ್ದು ಬರೀ ಸೋರಿದ ಎಣ್ಣೆಯ ಜೊತೆಗೆ ಎಂದಾಗುತ್ತದೆ. ಅದಕ್ಕೇ ಮುಂದೂಡುತ್ತ ಬಂದೆ. ಅಂಗಡಿಯಲ್ಲಿ ಪಾನಾಗಳ ರಾಶಿ ಇಟ್ಟುಕೊಂಡು ನನ್ನ ಗಾಡಿಯ ಎರಡು ಬೋಲ್ಟು ಬಿಚ್ಚಲಿಲ್ಲ.

ಬಿಚ್ಚಿಸಿದ್ದು ಮಗಳು. ಹೊಳೆಆಲೂರಿನಲ್ಲಿ ಶಾಲೆಯ ಮಾಸ್ತರಿಕೆ ಮಾಡುತ್ತಾಳೆ, ಶನಿವಾರ ಮನೆಗೆ ಬರುತ್ತಾಳೆ. ಒಮ್ಮೆ ನನಗೆ ಹೇಳದೆ ಗಾಡಿ ತೆಗೆದುಕೊಂಡು ಹೋದವಳು ರಾಜೂರಿನ ತಿರುವಿನಲ್ಲಿ ಎಡಕ್ಕೆ ಜಾರಿ ಬಿದ್ದು, ಮೊಳಕೈ ಕೆತ್ತಿಸಿಕೊಂಡು ಬಂದಳು. "ಅಪ್ಪಾ, ಇದನ್ನ ಮಾಡಸ್ತೀಯೋ, ಇಲ್ಲಾ ಮಾರತೀಯೋ?" ಎಂದಳು. ಅವಳ ಮೊಳಕೈಯ ರಕ್ತ ನೋಡಿ ಪಾನಾ ಕೈಗೆತ್ತಿಕೊಂಡೆ.

ಎರಡೂ ಶಾಕಬ್ಸರ್ ಬಿಚ್ಚಿ ಗಜೇಂದ್ರಗಡಕ್ಕೆ ಕಳಿಸಿದೆ. ಹೊಸ ಸೀಲು, ಹೊಸ ಬುಷ್, ಹೊಸ ಎಣ್ಣೆ ಹಾಕಿಸಿಕೊಂಡು ಬಂದವು. ಭಾನುವಾರ ಮುಂಜಾನೆ ಅಂಗಳದಲ್ಲಿ ನಾನೇ ಕೂಡಿಸಲು ಕೂತೆ. ಮೇಲಿನ ಬೋಲ್ಟು ಸಲೀಸಾಗಿ ಹೋಯಿತು. ಕೆಳಗಿನದು ತೂತಿಗೆ ತೂತು ಕೂಡದೆ ಸತಾಯಿಸಿತು. ಮಗಳು ಗಾಲಿಯ ಕೆಳಗೆ ಹಲಗೆ ಕೊಟ್ಟು ಒಂದಿಷ್ಟು ಎತ್ತಿದಳು, ಆಗ ಕೂತಿತು. ಆಮೇಲೆ ಸ್ಪ್ರಿಂಗಿನ ಬಿಗಿ. ಅದಕ್ಕೆ ಬುಡದಲ್ಲಿ ಮೆಟ್ಟಿಲಿನಂಥ ಹಂತಗಳಿರುತ್ತವೆ, ತಿರುಗಿಸಿದಷ್ಟೂ ಬಿಗಿಯಾಗುತ್ತದೆ.

"ಅಪ್ಪಾ, ಎಡಕಿಂದು ಯಾಕ ಒಂದು ಹಂತ ಜಾಸ್ತಿ ಇಟ್ಟಿ? ಎರಡೂ ಸಮ ಇರಬೇಕಲ್ಲ?"

"ನನಗ ಕಲಸಾಕ ಬಂದೀ?" ಎಂದು ರೇಗಿದೆ. ರೇಗಿದ ಮೇಲೆ ನೋಡಿದೆ. ಅವಳಮ್ಮ ಕೂರುವ ಮಗ್ಗುಲು ಎಂದು ನಾನು ಯಾವಾಗಲೂ ಎಡಗಡೆ ಒಂದು ಹಂತ ಬಿಗಿ ಇಡುತ್ತಿದ್ದೆ. ಕೈ ತನ್ನಷ್ಟಕ್ಕೆ ತಾನೇ ಹಾಗೆ ಇಟ್ಟಿತ್ತು. ಮಗಳಿಗೂ ಹೊಳೆದಿರಬೇಕು, ಹಲಗೆ ಎತ್ತಿ ಗೋಡೆಗೆ ಒರಗಿಸಲು ಹೋದಳು. ಆ ಒಂದು ಹಂತ ಇಳಿಸುವುದಕ್ಕೆ ನನಗೆ ಬಹಳ ಹೊತ್ತು ಹಿಡಿಯಿತು.

ಗಾಡಿ ಹೇಗೆ ಓಡುತ್ತದೆ ನೋಡಲೆಂದು ನರಗುಂದದ ರಸ್ತೆ ಹಿಡಿದೆವು. ಮಗಳು ಚೂಡಿದಾರದವಳು, ಆಚೆಗೊಂದು ಈಚೆಗೊಂದು ಕಾಲು ಹಾಕಿ ಹಿಂದೆ ಕೂತಿದ್ದಳು. ಮೊದಲ ತಗ್ಗು ಬಂತು. ಗಾಡಿ ಕುಸಿಯಲಿಲ್ಲ. ಎರಡನೆಯದು ಬಂತು, ಸದ್ದಿಲ್ಲ. ಹತ್ತಿಯ ಹೊಲಗಳು ಹಿಂದೆ ಹೋಗುತ್ತಿದ್ದವು, ನಾನು ಕಿವಿ ಹಿಂದಕ್ಕೆ ಕೊಟ್ಟು ಕೂತಿದ್ದೆ. ಏನೂ ಇಲ್ಲ. ಹೆಂಡತಿ ಸತ್ತ ದಿನ ಮನೆ ತುಂಬ ಜನ ಇದ್ದರು, ನನಗೆ ಸರಿಯಾಗಿ ಅಳಲೂ ಆಗಿರಲಿಲ್ಲ. ಈಗ ಕಣ್ಣು ತುಂಬಿ ರಸ್ತೆ ಮಂಜಾಯಿತು.

"ಅಪ್ಪಾ, ಯಾಕ ಬಲಕ್ಕ ವಾಲಾಕತ್ತಿ? ಗಾಡಿ ರಸ್ತೆ ಬಿಟ್ಟು ಇಳಿಯಾಕತ್ತೇತಿ ನೋಡು."

ಹೌದು, ವಾಲಿದ್ದೆ. ಎಡಕ್ಕೆ ಕೂತವಳ ಭಾರಕ್ಕೆ ಸರಿಯಾಗಿ ಇಷ್ಟು ವರ್ಷ ನನ್ನ ನಡು ಬಲಕ್ಕೆ ವಾಲಿಕೊಂಡೇ ಬಂದಿತ್ತು. ಅದು ನನಗೇ ಗೊತ್ತಿರಲಿಲ್ಲ. ಗಾಡಿಯ ವೇಗ ಇಳಿಸಿ ನೆಟ್ಟಗಾದೆ. ನೆಟ್ಟಗಾದ ಕೂಡಲೇ ಎಡಕ್ಕೆ ಯಾರೋ ಜಾರಿದಂತಾಯಿತು. ಎಡಗೈ ಹ್ಯಾಂಡಲ್ ಬಿಟ್ಟು ಹಿಂದಕ್ಕೆ ಚಾಚಿತು.

ಮಗಳು ಆ ಕೈ ಹಿಡಿದಳು. "ನಾ ಗಟ್ಟಿ ಕುಂತೀನಿ, ಅಪ್ಪಾ. ನಾ ಏನ ಬೀಳಂಗಿಲ್ಲ."

"ನಿನ್ನ ಸಲುವಾಗಿ ಅಲ್ಲ," ಎಂದೆ.